ಕಾರಿಲ್ಲದವರ ಅಮೆರಿಕ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ಅಪ್ಪ-ಅಮ್ಮಂದಿರ ದಿನಚರಿ ಹೆಚ್ಚುಕಮ್ಮಿ ಒಂದೇ ಥರ. ಮೊದಲ ವಾರ ನಡುರಾತ್ರಿ ಎಚ್ಚರ, ಹಗಲೆಲ್ಲ ತೂಕಡಿಕೆ. ಎರಡನೇ ವಾರ ಡಿಶ್‌ವಾಷರು, ಕರೆಂಟಿನ ಒಲೆ, ಕಸ ಬೇರೆಮಾಡುವ ಡಬ್ಬಗಳ ಪರಿಚಯ. ಮೂರನೇ ವಾರದಿಂದ ಕಿಟಕಿ. ಹೊರಗೆ ಚೊಕ್ಕಟ ರಸ್ತೆ, ಕತ್ತರಿಸಿಟ್ಟ ಹುಲ್ಲು, ಒಂದು ನರಪಿಳ್ಳೆಯೂ ಇಲ್ಲ. ‘ಎಲ್ಲಾದ್ರೂ ಹೋಗ್ಬರೋಣ ಕಣೋ’ ಅಂದರೆ ‘ಶನಿವಾರ ಬರ್ಲಿ ಅಮ್ಮಾ, ಕಾರಲ್ಲಿ ಕರ್ಕೊಂಡು ಹೋಗ್ತೀನಿ’ ಎಂಬ ಉತ್ತರ. ಹಾಸನದಲ್ಲೋ ಧಾರವಾಡದಲ್ಲೋ ಬೆಳಿಗ್ಗೆ ಚೀಲ ಹಿಡಿದು ತಮ್ಮ ಪಾಡಿಗೆ ತಾವು ಮಾರ್ಕೆಟ್ಟು, ಬ್ಯಾಂಕು, ದೇವಸ್ಥಾನ ಮುಗಿಸಿಕೊಂಡು ಬರುತ್ತಿದ್ದವರು ಅಲ್ಲಿ ಶನಿವಾರಕ್ಕೆ ಕಾಯುತ್ತ ಕೂರುತ್ತಾರೆ.

ಕಾರಿಲ್ಲದೆ ಅಮೆರಿಕದಲ್ಲಿ ಹೆಜ್ಜೆ ಎತ್ತಿಡಲಾಗದು ಎಂಬ ಮಾತು ಅರ್ಧ ನಿಜ. ನೀವು ಇಳಿದ ಊರು ಯಾವ ಅರ್ಧಕ್ಕೆ ಸೇರಿದ್ದು ಎಂಬುದು, ಅದು ಯಾವ ಕಾಲದಲ್ಲಿ ಬೆಳೆಯಿತು ಎಂಬುದರ ಮೇಲೆ ನಿಂತಿದೆ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊದ ನಡುಭಾಗ, ಇವೆಲ್ಲ ಕಾರು ಬರುವ ಮುಂಚೆಯೇ ಮೈದುಂಬಿದ ಊರುಗಳು. ಜನ ನಡೆಯುತ್ತಿದ್ದರು, ಟ್ರಾಮು ಹತ್ತುತ್ತಿದ್ದರು. ಅಂಗಡಿಗಳೂ ಮನೆಗಳೂ ಆ ಅಳತೆಯಲ್ಲೇ ಒತ್ತೊತ್ತಾಗಿ ಎದ್ದವು. ಹ್ಯೂಸ್ಟನ್, ಡಲ್ಲಾಸ್, ಫೀನಿಕ್ಸ್ ಮುಂತಾದವು ಹರಡಿಕೊಂಡದ್ದು ಎರಡನೇ ಮಹಾಯುದ್ಧದ ಆಚೆಗೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲದ ಕಾಯ್ದೆಗೆ ಸಹಿ ಹಾಕಿದ ಮೇಲಂತೂ ಮನೆ ಒಂದು ಕಡೆ, ಅಂಗಡಿ ಒಂದು ಕಡೆ, ಕಚೇರಿ ಮತ್ತೊಂದು ಕಡೆ ಆಗಿ, ಮೂರನ್ನೂ ಸೇರಿಸುವುದಕ್ಕೆ ಕಾರೊಂದೇ ಉಳಿಯಿತು. ಲಾಸ್ ಏಂಜಲೀಸ್‌ನದು ಇನ್ನೂ ವಿಚಿತ್ರ ಕಥೆ. ಇಡೀ ಪ್ರಾಂತ್ಯದಲ್ಲಿ 1,000 ಮೈಲಿಗೂ ಹೆಚ್ಚು ಹಳಿ ಹಾಸಿಕೊಂಡಿದ್ದ ವಿದ್ಯುತ್ ರೈಲುಗಳು ಅಲ್ಲಿದ್ದವು. ಒಂದೊಂದಾಗಿ ಕಿತ್ತರು, ಕೊನೆಯ ಕೆಂಪು ಬೋಗಿ ಲಾಂಗ್ ಬೀಚಿಗೆ ಓಡಿದ್ದು 1961ರಲ್ಲಿ. ಮೂರು ದಶಕ ಕಳೆಯುವ ಮುಂಚೆ, 1990ರಲ್ಲಿ, ಬಹುಪಾಲು ಅದೇ ಜಾಡಿನಲ್ಲಿ ಹೊಸ ರೈಲು ಬಿಟ್ಟರು.

ಹಾಗಾಗಿ ಟಿಕೆಟ್ ಬುಕ್ ಮಾಡುವಾಗಲೇ ಒಂದು ಯೋಚನೆ ಇರಲಿ. ನಿಮ್ಮ ಕಾಲ ಮೇಲೆ ನೀವೇ ನಿಂತು ನೋಡಬೇಕೆಂದಿದ್ದರೆ ಹಳೆಯ ಊರುಗಳಿಗೆ ಹೆಚ್ಚು ದಿನ ಕೊಡಿ, ಹೋಟೆಲನ್ನು ರೈಲು ನಿಲ್ದಾಣದ ಹತ್ತಿರ ಹಿಡಿಯಿರಿ. ಊರ ಹೊರಗಿನ ಹೆದ್ದಾರಿ ಬದಿಯ ಅಗ್ಗದ ಹೋಟೆಲಿನಲ್ಲಿ ಉಳಿಸಿದ ಡಾಲರು ಎರಡೇ ದಿನದಲ್ಲಿ ಊಬರ್ ಪಾಲಾಗುತ್ತದೆ.

ಮೊದಲು ಲೆಕ್ಕ, ಆಮೇಲೆ ಮ್ಯಾಪು

ಫೋನಿನ ನೀಲಿ ಚುಕ್ಕೆಯ ಹಿಂದೆ ನಡೆಯುವವರು ಊರು ನೋಡುವುದಿಲ್ಲ, ಫೋನು ನೋಡುತ್ತಾರೆ. ಅಮೆರಿಕದ ಹಳೆಯ ಊರುಗಳಲ್ಲಿ ಅದು ಅಷ್ಟಾಗಿ ಬೇಕಿಲ್ಲ. ವಿಳಾಸದಲ್ಲೇ ದಾರಿ ಇದೆ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪಕ್ಕೆ 1811ರಲ್ಲಿ ಮೂವರು ಕಮಿಷನರುಗಳು ಒಂದು ನಕ್ಷೆ ಕೊಟ್ಟರು: ಉದ್ದಕ್ಕೆ 12 ಅವೆನ್ಯೂ, ಅಡ್ಡಕ್ಕೆ 155 ಸ್ಟ್ರೀಟು. ಜಯನಗರದಲ್ಲಿ ‘9ನೇ ಮೇನ್, 32ನೇ ಕ್ರಾಸ್’ ಎಂದು ಮನೆ ಹುಡುಕಿದವರಿಗೆ ಇದು ಹೊಸದೇನಲ್ಲ. ಅವೆನ್ಯೂ ಅಂದರೆ ಮೇನು, ಸ್ಟ್ರೀಟ್ ಅಂದರೆ ಕ್ರಾಸು. ವ್ಯತ್ಯಾಸ ಇಷ್ಟೇ: ಅಲ್ಲಿ 17 ಆದಮೇಲೆ 18 ಬಂದೇ ಬರುತ್ತದೆ, ನಡುವೆ ‘17ನೇ ಎ ಕ್ರಾಸ್’ ಬಂದು ಕಾಡುವುದಿಲ್ಲ.

ಸ್ಟ್ರೀಟ್ ಸಂಖ್ಯೆ ಏರುತ್ತಿದ್ದರೆ ನೀವು ಉತ್ತರಕ್ಕೆ ಹೋಗುತ್ತಿದ್ದೀರಿ. ಅವೆನ್ಯೂ ಸಂಖ್ಯೆ ಏರುತ್ತಿದ್ದರೆ ಪಶ್ಚಿಮಕ್ಕೆ. ಐದನೇ ಅವೆನ್ಯೂ ಗಡಿ. ಅದರ ಈಚೆ ‘ಈಸ್ಟ್’, ಆಚೆ ‘ವೆಸ್ಟ್’. 20 ಸ್ಟ್ರೀಟ್ ದಾಟಿದರೆ ಹೆಚ್ಚುಕಡಿಮೆ ಒಂದು ಮೈಲಿ, ಅಂದರೆ 1.6 ಕಿಲೋಮೀಟರು. ಸಾಧಾರಣ ನಡಿಗೆಯವರಿಗೆ ಒಂದು ಸ್ಟ್ರೀಟಿಗೆ ಒಂದು ನಿಮಿಷ ಎಂದಿಟ್ಟುಕೊಳ್ಳಿ. ಎಂಪೈರ್ ಸ್ಟೇಟ್ ಕಟ್ಟಡ 34ನೇ ಸ್ಟ್ರೀಟಿನಲ್ಲಿ, ಕಲ್ಲಿನ ಸಿಂಹಗಳು ಕೂತಿರುವ ಸಾರ್ವಜನಿಕ ಗ್ರಂಥಾಲಯ 42ರಲ್ಲಿ, ಎರಡೂ ಐದನೇ ಅವೆನ್ಯೂ ಮೇಲೆಯೇ. ಎಂಟು ನಿಮಿಷದ ದಾರಿ, ಸಿಗ್ನಲ್‌ಗಳಿಗೆ ಇನ್ನೊಂದೆರಡು. ಸೆಂಟ್ರಲ್ ಪಾರ್ಕಿನ ದಕ್ಷಿಣದ ಅಂಚು 59ರಲ್ಲಿ. ಕೂಡಿ ಕಳೆದು ನೋಡಿಕೊಳ್ಳಿ, ಟ್ಯಾಕ್ಸಿ ಬೇಕೋ ಬೇಡವೋ ಅಲ್ಲೇ ತೀರ್ಮಾನವಾಗುತ್ತದೆ. ಆದರೆ ಈ ಲೆಕ್ಕ ಉದ್ದಕ್ಕೆ ಮಾತ್ರ. ಒಂದು ಅವೆನ್ಯೂದಿಂದ ಮುಂದಿನ ಅವೆನ್ಯೂಗೆ ಅಡ್ಡಡ್ಡ ನಡೆಯುವುದು ಬಹಳ ಕಡೆ ಎರಡು ಮೂರು ಪಟ್ಟು ಉದ್ದ. ‘ಎರಡೇ ಬ್ಲಾಕು’ ಎಂದು ಯಾರಾದರೂ ದಾರಿ ಹೇಳಿದರೆ ಉದ್ದದ ಬ್ಲಾಕೋ ಅಡ್ಡದ ಬ್ಲಾಕೋ ಕೇಳಿಕೊಳ್ಳಿ. ಇನ್ನು ದ್ವೀಪದ ದಕ್ಷಿಣ ತುದಿ, ವಾಲ್ ಸ್ಟ್ರೀಟ್ ಸುತ್ತಮುತ್ತ, ಡಚ್ಚರ ಕಾಲದ ಓಣಿಗಳು. ಅಲ್ಲಿ ಈ ಗಣಿತ ಯಾವುದೂ ನಡೆಯದು. ಅಲ್ಲಿ ಬೇಕಾದರೆ ಫೋನು ತೆಗೆಯಿರಿ, ನಾನೇನೂ ಅನ್ನುವುದಿಲ್ಲ.

ನನ್ನ ಮಟ್ಟಿಗೆ ಲೆಕ್ಕದಲ್ಲಿ ನ್ಯೂಯಾರ್ಕನ್ನು ಮೀರಿಸಿದ ಊರು ಷಿಕಾಗೊ. ಅಲ್ಲಿ ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಕೂಡುವ ಮೂಲೆಯೇ ಸೊನ್ನೆ. ಅಲ್ಲಿಂದ ಉತ್ತರಕ್ಕೆ, ದಕ್ಷಿಣಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ ಸಂಖ್ಯೆ ಏರುತ್ತ ಹೋಗುತ್ತದೆ. 800 ಸಂಖ್ಯೆಗೆ ಒಂದು ಮೈಲಿ. ಒಂದೇ ಹೆಸರಿನ ಬೀದಿಗಳು, ಎಲ್ಲೆಲ್ಲಿಂದಲೋ ಶುರುವಾಗುವ ಮನೆ ನಂಬರುಗಳು ತುಂಬಿ ಊರು ಗೋಜಲಾಗಿದ್ದಾಗ ಎಡ್ವರ್ಡ್ ಬ್ರೆನನ್ ಎಂಬಾತ ವರ್ಷಗಟ್ಟಲೆ ಬೆನ್ನು ಬಿದ್ದು ನಗರಸಭೆಯನ್ನು ಒಪ್ಪಿಸಿದ. 1909ರಲ್ಲಿ ಈ ವ್ಯವಸ್ಥೆ ಜಾರಿಗೆ ಬಂತು. ಬೀದಿಯ ಹೆಸರಿನ ಹಲಗೆಯ ಮೇಲೆಯೇ ‘3600 ನಾರ್ತ್’ ಎಂದು ಬರೆದಿರುತ್ತದೆ. ನಮ್ಮವರು ಮಸಾಲೆ, ಅವಲಕ್ಕಿ, ಸೀರೆ ಹುಡುಕಿಕೊಂಡು ಹೋಗುವ ಡೆವಾನ್ ಅವೆನ್ಯೂ 6400 ನಾರ್ತ್. 800ರಿಂದ ಭಾಗಿಸಿ: ನಡು ಊರಿನಿಂದ ಎಂಟು ಮೈಲಿ. ನಡೆಯುವ ಮಾತಿಲ್ಲ, ರೈಲು-ಬಸ್ಸು ನೋಡಬೇಕು. ಮನೆ ನಂಬರ್ ಸಮಸಂಖ್ಯೆಯಾದರೆ ಬೀದಿಯ ಉತ್ತರ ಅಥವಾ ಪಶ್ಚಿಮದ ಬದಿ, ಬೆಸವಾದರೆ ಇನ್ನೊಂದು. ರಸ್ತೆಯ ಯಾವ ಕಡೆ ಇಳಿಯಬೇಕೆಂಬುದು ಕೂಡ ಮನೆಯಿಂದ ಹೊರಡುವ ಮುಂಚೆಯೇ ಗೊತ್ತು!

ಸಾಲ್ಟ್ ಲೇಕ್ ಸಿಟಿಯಲ್ಲಿ ಸೊನ್ನೆ ಇರುವುದು ಮಾರ್ಮನರ ದೇವಾಲಯದ ಚೌಕದಲ್ಲಿ. ಅಲ್ಲಿ ವಿಳಾಸ ಓದಲು ಸಲೀಸು, ನಡೆಯಲು ಕಷ್ಟ. ಒಂದೊಂದು ಬ್ಲಾಕೂ 660 ಅಡಿ, ರಸ್ತೆಯ ಅಗಲ 132 ಅಡಿ. ಎತ್ತಿನ ಬಂಡಿಯನ್ನು ಸಲೀಸಾಗಿ ಹೊರಳಿಸಲೆಂದು ಅಷ್ಟು ಅಗಲ ಬಿಟ್ಟರು ಎಂಬ ಮಾತಿದೆ. ವಾಷಿಂಗ್ಟನ್ನಿನಲ್ಲಿ ಸಂಸತ್ ಭವನವಾದ ಕ್ಯಾಪಿಟಲ್ ನಡುಬಿಂದು. ಊರು ಅಲ್ಲಿಂದ ನಾಲ್ಕು ಪಾಲು. ವಿಳಾಸದ ಕೊನೆಗೆ ಬರುವ ಎನ್‌ಡಬ್ಲ್ಯು, ಎಸ್‌ಇ ಮುಂತಾದ ಎರಡಕ್ಷರ ಬಿಟ್ಟು ಟ್ಯಾಕ್ಸಿಯವನಿಗೆ ಹೇಳಿದರೆ ಅದೇ ನಂಬರಿನ, ಅದೇ ಬೀದಿಯ ಇನ್ನೊಂದು ಮನೆ ಊರಿನ ಮತ್ತೊಂದು ತುದಿಯಲ್ಲಿ ಸಿಕ್ಕರೂ ಸಿಕ್ಕಿತು. ಎ, ಬಿ, ಸಿ ಎಂದು ಹೋಗುವ ಬೀದಿಗಳಲ್ಲಿ ಜೆ ಇಲ್ಲ. ಹುಡುಕಬೇಡಿ.

ನೆಲದಡಿಯ ನಡವಳಿಕೆ

ನ್ಯೂಯಾರ್ಕ್ ಸಬ್‌ವೇ 1904ರಲ್ಲಿ ಶುರುವಾದದ್ದು. 472 ನಿಲ್ದಾಣ, ರಾತ್ರಿ-ಹಗಲು ಓಡುತ್ತದೆ. ನಮ್ಮ ಮೆಟ್ರೊದ ಫಳಫಳ ನೋಡಿ ಹೋದವರಿಗೆ ಮೊದಲ ನೋಟಕ್ಕೆ ಗಾಬರಿಯೇ: ಕಬ್ಬಿಣದ ಕಂಬಗಳಿಗೆ ಹತ್ತಾರು ಪದರ ಬಣ್ಣ, ಹಳಿಗಳ ನಡುವೆ ಇಲಿ, ಬೇಸಿಗೆಯಲ್ಲಿ ಪ್ಲಾಟ್‌ಫಾರಂ ಮೇಲೆ ಉಸಿರುಗಟ್ಟುವ ಧಗೆ. ಹಾಗಿದ್ದರೂ ಆ ಊರನ್ನು ಸುತ್ತಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅಲ್ಲಿ ಹೊಸಬರು ಮುಗ್ಗರಿಸುವುದು ಎರಡು ಕಡೆ. ಒಂದು, ದಿಕ್ಕು. ಫಲಕಗಳಲ್ಲಿ ಮೊದಲು ಹುಡುಕಬೇಕಾದದ್ದು ‘ಅಪ್‌ಟೌನ್’ ಅಥವಾ ‘ಡೌನ್‌ಟೌನ್’, ಅಂದರೆ ಸಂಖ್ಯೆ ಏರುವ ಕಡೆ ಅಥವಾ ಇಳಿಯುವ ಕಡೆ. ಕೆಲವು ನಿಲ್ದಾಣಗಳಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ಬಾಗಿಲು, ರಸ್ತೆಯ ಎರಡು ಬದಿಯಲ್ಲಿ. ಒಮ್ಮೆ ದುಡ್ಡು ಕೊಟ್ಟು ಒಳಹೊಕ್ಕರೆ ಒಳಗಿಂದ ಆಚೆ ಬದಿಗೆ ದಾಟಲಾಗದು. ಆದ್ದರಿಂದ ಮೆಟ್ಟಿಲು ಇಳಿಯುವ ಮುಂಚೆಯೇ ತಲೆ ಎತ್ತಿ ಫಲಕ ಓದುವುದು ಲೇಸು. ಎರಡು, ಎಕ್ಸ್‌ಪ್ರೆಸ್ ಮತ್ತು ಲೋಕಲ್. ಒಂದೇ ಪ್ಲಾಟ್‌ಫಾರಂನ ಎರಡು ಪಕ್ಕಕ್ಕೆ ಎರಡೂ ಬಂದು ನಿಲ್ಲುತ್ತವೆ. ನಕ್ಷೆಯಲ್ಲಿ ಬಿಳಿ ಚುಕ್ಕೆ ಇದ್ದರೆ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ಕಪ್ಪು ಚುಕ್ಕೆಯಾದರೆ ಲೋಕಲ್ ಮಾತ್ರ. ತಪ್ಪಿ ಎಕ್ಸ್‌ಪ್ರೆಸ್ ಹತ್ತಿದರೆ ನಿಮ್ಮ ನಿಲ್ದಾಣ ಕಿಟಕಿಯಲ್ಲಿ ಮಿಂಚಿ ಮರೆಯಾಗುತ್ತದೆ; ಗಾಬರಿ ಬೇಡ, ಮುಂದಿನದರಲ್ಲಿ ಇಳಿದು ವಾಪಸ್ ಬನ್ನಿ. ಶನಿವಾರ-ಭಾನುವಾರ ಹಳಿ ರಿಪೇರಿ ಹೆಸರಿನಲ್ಲಿ ರೈಲುಗಳು ದಾರಿ ಬದಲಿಸುತ್ತವೆ. ಕಂಬಗಳಿಗೆ ಅಂಟಿಸಿದ ಕಾಗದ ಓದಿ, ಅಥವಾ ಪಕ್ಕದಲ್ಲಿರುವವರನ್ನು ಕೇಳಿ. ನ್ಯೂಯಾರ್ಕಿನವರು ಒರಟರು ಎಂಬ ಹೆಸರು ಇದೆಯಲ್ಲ, ದಾರಿ ಕೇಳಿದಾಗ ಅದು ಸುಳ್ಳಾಗುತ್ತದೆ. ಇಬ್ಬರನ್ನು ಕೇಳಿದರೆ ಮೂರನೆಯವರು ತಾವಾಗಿ ಬಂದು ತಿದ್ದುತ್ತಾರೆ.

ಇನ್ನೊಂದು ಕಿವಿಮಾತು ಅಲ್ಲಿನವರೇ ಹೇಳುವುದು. ರೈಲೆಲ್ಲ ಕಿಕ್ಕಿರಿದಿದ್ದು ಒಂದೇ ಒಂದು ಬೋಗಿ ಖಾಲಿ ಬಂದರೆ ಅದೃಷ್ಟವೆಂದು ನುಗ್ಗಬೇಡಿ. ಒಂದೋ ಎಸಿ ಕೆಟ್ಟಿರುತ್ತದೆ, ಇಲ್ಲವೇ ಒಳಗೆ ತಾಳಲಾಗದ ವಾಸನೆ, ಇಲ್ಲವೇ ಯಾರೋ ಕೂಗಾಡುತ್ತಿರುತ್ತಾರೆ. ಜನ ಇರುವ ಬೋಗಿಯೇ ಒಳ್ಳೆಯದು, ರಾತ್ರಿ ಹೊತ್ತಿನಲ್ಲಂತೂ.

ದುಡ್ಡಿನ ವಿಚಾರ. ಹಳದಿ-ನೀಲಿ ಮೆಟ್ರೊಕಾರ್ಡ್ ಮಾರಾಟ 2025ರ ಕೊನೆಗೆ ನಿಂತಿತು. ಈಗ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ಮುಟ್ಟಿಸಿದರಾಯಿತು. ಪ್ರತಿ ಸಲ ಅದೇ ಕಾರ್ಡು, ಅದೇ ಫೋನು ಮುಟ್ಟಿಸಿ. ರೈಲಿನಿಂದ ಬಸ್ಸಿಗೆ ಎರಡು ಗಂಟೆಯೊಳಗೆ ಬದಲಿಸಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ, ಏಳು ದಿನದಲ್ಲಿ ಒಂದು ಮಿತಿ ದಾಟಿದ ಮೇಲಿನ ಪ್ರಯಾಣ ಪುಕ್ಕಟೆ. ಆದರೆ ಯಂತ್ರಕ್ಕೆ ನೀವು ಅದೇ ಮನುಷ್ಯ ಎಂದು ಗೊತ್ತಾಗುವುದು ಕಾರ್ಡಿನಿಂದ. ಗಂಡ-ಹೆಂಡತಿ ಒಂದೇ ಕಾರ್ಡಿನಲ್ಲಿ ಎರಡು ಸಲ ಮುಟ್ಟಿಸಿ ಹೋಗಬಹುದು; ಆಗ ಈ ರಿಯಾಯಿತಿ ಒಬ್ಬರಿಗೆ ಮಾತ್ರ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ. ನಮ್ಮ ಬ್ಯಾಂಕುಗಳ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನೂ ಮುಟ್ಟಿಸಿ ಪಾವತಿಸುವ ಸೌಲಭ್ಯವನ್ನೂ ಊರಿನಲ್ಲಿರುವಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಟ್ಟುಕೊಂಡಿರಬೇಕು. ಒಟಿಪಿ ಬರುವ ಭಾರತದ ಸಿಮ್ ಕೂಡ ಜೀವಂತವಾಗಿರಲಿ.

ಎಲ್ಲ ಊರಿನ ರೈಲೂ ಹೀಗೆಯೇ ಅಲ್ಲ. ವಾಷಿಂಗ್ಟನ್ನಿನ ಮೆಟ್ರೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬಾರ್ಟ್ ರೈಲಿನಲ್ಲಿ ದೂರಕ್ಕೆ ತಕ್ಕ ದರ. ಹೊರಗೆ ಬರುವಾಗಲೂ ಕಾರ್ಡ್ ಮುಟ್ಟಿಸಬೇಕು, ಮತ್ತು ಒಬ್ಬೊಬ್ಬರಿಗೂ ಪ್ರತ್ಯೇಕ ಕಾರ್ಡು ಕಡ್ಡಾಯ. ವಾಷಿಂಗ್ಟನ್ನಿನ ಎಸ್ಕಲೇಟರುಗಳು ಪಾತಾಳಕ್ಕೆ ಇಳಿದಂತೆ ಇಳಿಯುತ್ತವೆ. ನಿಲ್ಲುವವರು ಬಲಕ್ಕೆ, ಹತ್ತುವವರಿಗೆ ಎಡ ಬಿಡಬೇಕು. ಎಡಗಡೆ ಗುಂಪು ಕಟ್ಟಿಕೊಂಡು ಹರಟುತ್ತ ನಿಂತರೆ ಬೆನ್ನ ಹಿಂದೆ ‘ಎಕ್ಸ್‌ಕ್ಯೂಸ್ ಮಿ’ಗಳ ದನಿ ಏರುತ್ತ ಹೋಗುತ್ತದೆ. ಷಿಕಾಗೊದಲ್ಲಿ ರೈಲು ತಲೆಯ ಮೇಲೆ ಓಡುತ್ತದೆ. ನಡು ಊರನ್ನು ಬಳಸಿ ಬರುವ ಆ ಕಬ್ಬಿಣದ ಚೌಕ 1897ರದು. ಅದರ ಕೆಳಗೆ ನಿಂತು ಯಾರೊಡನೆಯೂ ಮಾತಾಡಲಾಗದು. ಚಳಿಗಾಲದಲ್ಲಿ ಅಲ್ಲಿನ ಪ್ಲಾಟ್‌ಫಾರಂಗಳ ತಂಗುದಾಣದಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಮೇಲಿನ ಸರಳುಗಳು ಕೆಂಪಗೆ ಕಾದು ತಲೆಯ ಮೇಲೆ ಬಿಸಿ ಸುರಿಸುತ್ತವೆ. ಅದರಡಿ ಹತ್ತು ಜನ ಪಾರಿವಾಳಗಳ ಜೊತೆ ಒತ್ತೊತ್ತಾಗಿ ನಿಂತಿರುತ್ತಾರೆ. ಗುಂಡಿ ಒತ್ತುವ ಕೆಲಸ ಎಲ್ಲರೂ ಇನ್ನೊಬ್ಬರಿಗೆ ಬಿಟ್ಟಿರುತ್ತಾರೆ. ನೀವು ಒತ್ತಿ, ಪುಣ್ಯ ಬರುತ್ತದೆ.

ವಿಮಾನ ಇಳಿದ ಕೂಡಲೆ ಟ್ಯಾಕ್ಸಿಯೇ ಗತಿ ಎಂದುಕೊಳ್ಳಬೇಡಿ. ಷಿಕಾಗೊದ ಓಹೇರ್‌ನಿಂದ ನೀಲಿ ಮಾರ್ಗದ ರೈಲು ಇಡೀ ರಾತ್ರಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ, ವಾಷಿಂಗ್ಟನ್ನಿನ ಎರಡೂ ನಿಲ್ದಾಣಗಳಿಂದ ನೇರ ರೈಲು. ಬಾಸ್ಟನ್ನಿನ ಲೋಗನ್‌ನಿಂದ ಊರೊಳಗೆ ಬರುವ ಸಿಲ್ವರ್ ಲೈನ್ ಬಸ್ಸಿಗೆ ದುಡ್ಡೇ ಇಲ್ಲ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಏರ್‌ಟ್ರೇನ್ ಹಿಡಿದು ಜಮೈಕಾ ಎಂಬಲ್ಲಿ ಬದಲಿಸಬೇಕು. ಎರಡೆರಡು ದೊಡ್ಡ ಸೂಟ್‌ಕೇಸ್, ಅದರೊಳಗೆ ಹುರಿಗಾಳು, ಚಟ್ನಿಪುಡಿ, ಮೊಮ್ಮಗುವಿನ ತೊಟ್ಟಿಲ ಹಗ್ಗ ಇದ್ದವರು ಮಾತ್ರ ಮಗನ ಕಾರಿಗೇ ಕಾಯುವುದು ಒಳ್ಳೆಯದು.

ಹಳದಿ ಹುರಿ ಎಳೆಯಿರಿ

ಈಗ ಆ ಕಿಟಕಿಯ ಪಕ್ಕ ಕೂತವರ ಬಳಿಗೆ ಬರೋಣ. ನಮ್ಮವರ ಮಕ್ಕಳು ಹೆಚ್ಚಾಗಿ ಇರುವುದು ಮ್ಯಾನ್‌ಹ್ಯಾಟನ್ನಿನಲ್ಲಲ್ಲ. ಫ್ರೀಮಾಂಟ್, ಸನಿವೇಲ್, ಎಡಿಸನ್, ನೇಪರ್‌ವಿಲ್, ಅರ್ವಿಂಗ್‌ನಂಥ ಉಪನಗರಗಳಲ್ಲಿ. ಅಲ್ಲಿ ಬಸ್ಸು ಇದೆ ಎಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಮಕ್ಕಳು ಆ ದೇಶಕ್ಕೆ ಹೋದ ವರ್ಷವೇ ಕಾರು ಕೊಂಡು, ಆಮೇಲೆ ಬಸ್ ಸ್ಟಾಪಿನ ಕಂಬವನ್ನು ಕಣ್ಣೆತ್ತಿಯೂ ನೋಡಿರುವುದಿಲ್ಲ. ‘ಅದೆಲ್ಲ ನಿಮಗೆ ಆಗಲ್ಲಪ್ಪಾ’ ಅಂದುಬಿಡುತ್ತಾರೆ. ಆಗುತ್ತದೆ. ನಾನು ಉಪನಗರದ ಬಸ್ಸಿನಲ್ಲಿ ಕಂಡ ಅತ್ಯಂತ ನಿರಾಳ ಪ್ರಯಾಣಿಕರು ಎಪ್ಪತ್ತು ದಾಟಿದವರು.

ಸ್ಟಾಪ್ ಎಂದರೆ ಬಹಳ ಕಡೆ ಒಂದು ಕಂಬ, ಅದಕ್ಕೊಂದು ಸಣ್ಣ ತಗಡಿನ ಹಲಗೆ, ಅದರಲ್ಲಿ ರೂಟ್ ನಂಬರು. ನೆರಳಿಲ್ಲ, ಬೆಂಚಿಲ್ಲ. ಬಸ್ಸು ಕಂಡಾಗ ಕೈ ಎತ್ತಿ, ಇಲ್ಲದಿದ್ದರೆ ಯಾರೂ ಹತ್ತುವವರಿಲ್ಲ ಎಂದು ಹೊರಟುಬಿಡಬಹುದು. ಬಸ್ಸಿನ ಮುಂದೆ ಸೈಕಲ್ ಇಡುವ ಕಂಬಿಯ ಚೌಕಟ್ಟು ಇರುತ್ತದೆ. ಯಾರಾದರೂ ಸೈಕಲ್ ಏರಿಸುತ್ತಿದ್ದರೆ ಅಷ್ಟು ಹೊತ್ತು ಎಲ್ಲರೂ ತುಟಿಪಿಟಕ್ಕೆನ್ನದೆ ಕಾಯುತ್ತಾರೆ. ಹತ್ತುವುದು ಮುಂಬಾಗಿಲಲ್ಲಿ. ಕಂಡಕ್ಟರ್ ಇಲ್ಲ. ನಗದು ಹಾಕುವುದಾದರೆ ಡ್ರೈವರ್ ಪಕ್ಕದ ಡಬ್ಬಿಗೆ ಸರಿಯಾದ ಚಿಲ್ಲರೆ ಹಾಕಬೇಕು, ಉಳಿಕೆ ವಾಪಸ್ ಬರುವುದಿಲ್ಲ. ಮಂಡಿ ನೋವಿನವರು ಡ್ರೈವರ್‌ಗೆ ಒಂದು ಮಾತು ಹೇಳಿದರೆ ಬಸ್ಸು ಉಸ್ಸೆಂದು ಗಾಳಿ ಬಿಟ್ಟು ಬಾಗಿಲ ಕಡೆ ಬಾಗಿ, ಮೆಟ್ಟಿಲು ಫುಟ್‌ಪಾತಿನ ಮಟ್ಟಕ್ಕೆ ಇಳಿಯುತ್ತದೆ. ಗಾಲಿಕುರ್ಚಿಯಿದ್ದರೆ ಇಳಿಜಾರು ಹಲಗೆ ಚಾಚುತ್ತಾರೆ. ಇದು ಯಾರ ದಯೆಯೂ ಅಲ್ಲ. 1990ರ ಅಂಗವಿಕಲರ ಕಾಯ್ದೆ ಕೊಟ್ಟ ಹಕ್ಕು. ಕೇಳಲು ಸಂಕೋಚ ಬೇಡ. ಮುಂದಿನ ಸೀಟುಗಳು ಹಿರಿಯರಿಗೆ.

ಕಿಟಕಿಗಳ ಉದ್ದಕ್ಕೂ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಒಂದು ಹಳದಿ ಹುರಿ ಹಾದುಹೋಗಿರುತ್ತದೆ. ನಿಮ್ಮ ಸ್ಟಾಪಿಗೆ ಸ್ವಲ್ಪ ಮುಂಚೆ ಅದನ್ನು ಎಳೆದರೆ ಠಣ್ ಅನ್ನುತ್ತದೆ, ಮುಂದೆ ಕೆಂಪಕ್ಷರದ ಫಲಕ ಹೊತ್ತಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ಇಳಿಯುವಾಗ ಡ್ರೈವರ್‌ಗೆ ‘ಥ್ಯಾಂಕ್ಯೂ’ ಹೇಳುವುದು ಅಲ್ಲಿ ರೂಢಿ. ಹಿಂಬಾಗಿಲಿನಿಂದ ಇಳಿಯುವವರು ಕೂಗಿಯೇ ಹೇಳುತ್ತಾರೆ. ಸರ್ಕಾರದ ನೆರವು ಪಡೆಯುವ ಸಾರಿಗೆಗಳು, ದಟ್ಟಣೆಯಿಲ್ಲದ ಹೊತ್ತಿನಲ್ಲಿ, ಹಿರಿಯ ನಾಗರಿಕರಿಂದ ಅರ್ಧಕ್ಕಿಂತ ಹೆಚ್ಚು ದರ ತೆಗೆದುಕೊಳ್ಳುವಂತಿಲ್ಲ ಎಂಬ ಕೇಂದ್ರ ಕಾನೂನಿದೆ. ಬಹುಪಾಲು ಕಡೆ 65 ಆಗಿರಬೇಕು. ಪಾಸ್‌ಪೋರ್ಟ್ ತೋರಿಸಿ ರಿಯಾಯಿತಿ ಕಾರ್ಡ್ ಸಿಗುತ್ತದೆಯೇ ಎಂದು ಆಯಾ ಊರಿನ ಕೌಂಟರಿನಲ್ಲಿ ವಿಚಾರಿಸಿ.

ಎಚ್ಚರಿಕೆ ಬೇಕಾದದ್ದು ವಾಪಸ್ ಬರುವುದರಲ್ಲಿ. ಅರ್ಧ ಗಂಟೆಗೊಂದು, ಗಂಟೆಗೊಂದು ಬಸ್ಸು. ಭಾನುವಾರ ಇನ್ನೂ ಕಡಿಮೆ. ಕೆಲವು ರೂಟು ಸಂಜೆಗೇ ಮಲಗಿಬಿಡುತ್ತವೆ. ಹೊರಡುವ ಮುಂಚೆ ಕೊನೆಯ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ. ಎದುರು ದಿಕ್ಕಿನ ಸ್ಟಾಪು ಆರು ಲೇನಿನ ರಸ್ತೆಯ ಆಚೆ ಬದಿಯಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ, ದಾಟುವ ಸಿಗ್ನಲ್ ಮಾತ್ರ ಅರ್ಧ ಕಿಲೋಮೀಟರ್ ದೂರ. ಫುಟ್‌ಪಾತ್ ಇದ್ದಕ್ಕಿದ್ದಂತೆ ಹುಲ್ಲಿನಲ್ಲಿ ಮುಗಿದುಹೋಗುವುದೂ ಉಂಟು. ಆಗ ವಾಹನಗಳಿಗೆ ಎದುರುಮುಖವಾಗಿ ಅಂಚಿನಲ್ಲಿ ನಡೆಯಿರಿ. ಟೆಕ್ಸಾಸಿನ ಆರ್ಲಿಂಗ್ಟನ್ನಿನಂಥ ದೊಡ್ಡ ಊರಿನಲ್ಲೂ ನಿಗದಿತ ಮಾರ್ಗದ ಬಸ್ಸುಗಳಿಲ್ಲ, ಆ್ಯಪ್‌ನಲ್ಲಿ ಕರೆಯುವ ಹಂಚಿಕೆಯ ವ್ಯಾನು ಮಾತ್ರ. ಅಂಥಲ್ಲಿ ಊಬರ್, ಲಿಫ್ಟ್ ಅನಿವಾರ್ಯ. ಹತ್ತುವ ಮುಂಚೆ ನಂಬರ್ ಪ್ಲೇಟ್ ಹೋಲಿಸಿ ನೋಡಿ, ‘ಯಾರ ಹೆಸರಿಗೆ ಬಂದಿದ್ದೀರಿ’ ಎಂದು ಡ್ರೈವರ್‌ನನ್ನೇ ಕೇಳಿ. ನಿಮ್ಮ ಹೆಸರನ್ನು ನೀವೇ ಮೊದಲು ಹೇಳಬೇಡಿ.

ಎಡಗಡೆ ನೋಡಿ

ಬದುಕಿನುದ್ದಕ್ಕೂ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿದ ಕತ್ತು ನಮ್ಮದು. ಅಮೆರಿಕದಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ, ಹಾಗಾಗಿ ಫುಟ್‌ಪಾತಿನಿಂದ ಇಳಿದ ತಕ್ಷಣ ನುಗ್ಗಿ ಬರುವುದು ಎಡದಿಂದ. ಇದು ಓದಿದರೆ ಬರುವ ಜ್ಞಾನವಲ್ಲ. ಮೊದಲ ಕೆಲವು ದಿನ ಪ್ರತಿ ಸಲವೂ ಬಾಯಿಬಿಟ್ಟು ‘ಎಡ’ ಎಂದುಕೊಂಡೇ ಹೆಜ್ಜೆ ಇಡಿ. ಇದಕ್ಕಿಂತ ಕಾಣದ ಅಪಾಯ ಇನ್ನೊಂದಿದೆ. ಅಲ್ಲಿ ಕೆಂಪು ದೀಪ ಇದ್ದರೂ, ನಿಂತು ನೋಡಿ, ಬಲಕ್ಕೆ ತಿರುಗಲು ಕಾರುಗಳಿಗೆ ಬಹುತೇಕ ಎಲ್ಲ ಕಡೆ ಅನುಮತಿ ಇದೆ. ನ್ಯೂಯಾರ್ಕ್ ನಗರದಲ್ಲಿ ಇಲ್ಲ, ಫಲಕ ಹಾಕಿ ಅನುಮತಿಸಿದ ಕಡೆ ಬಿಟ್ಟು. ಹಾಗೆ ತಿರುಗುವ ಚಾಲಕ ತನ್ನ ಎಡದಿಂದ ವಾಹನ ಬರುತ್ತಿದೆಯೇ ಎಂದು ನೋಡುತ್ತಿರುತ್ತಾನೆ. ಅವನ ಬಲಕ್ಕಿರುವ ನೀವು ಅವನ ಲೆಕ್ಕದಲ್ಲೇ ಇರುವುದಿಲ್ಲ. ನಿಮಗೆ ನಡೆಯುವ ಬಿಳಿ ಮನುಷ್ಯನ ಸಿಗ್ನಲ್ ಬಂದಿದ್ದರೂ ಅವನ ಕಣ್ಣು ನಿಮ್ಮ ಮೇಲೆ ಬಿತ್ತೆಂದು ಖಾತ್ರಿಯಾದ ಮೇಲೆ ಇಳಿಯಿರಿ. ಉಪನಗರಗಳಲ್ಲಿ ಕಂಬದ ಗುಂಡಿ ಒತ್ತದೆ ಆ ಬಿಳಿ ಮನುಷ್ಯ ಬರುವುದೇ ಇಲ್ಲ, ಎಷ್ಟು ಹೊತ್ತು ನಿಂತರೂ ಅಷ್ಟೆ.

ಊರು ಸುತ್ತುವ ವಯಸ್ಸಾದವರಿಗೆ ಯಾವ ಪ್ರವಾಸಿ ಕೈಪಿಡಿಯೂ ಮೊದಲ ಪುಟದಲ್ಲಿ ಹೇಳದ, ಆದರೆ ಹೇಳಲೇಬೇಕಾದ ವಿಷಯ ಶೌಚಾಲಯ. ಅಷ್ಟು ಶ್ರೀಮಂತ ದೇಶದ ಬೀದಿಗಳಲ್ಲಿ ಸಾರ್ವಜನಿಕ ಶೌಚಾಲಯ ಬಲು ಅಪರೂಪ. ಕೇಳಬೇಕಾದ ಹೆಸರು ‘ರೆಸ್ಟ್‌ರೂಮ್’. ಕಾಫಿ ಅಂಗಡಿಗಳಲ್ಲಿ ಗಿರಾಕಿಗಳಿಗೆ ಮಾತ್ರ ಎಂಬ ಫಲಕ, ಬಾಗಿಲಿಗೆ ಸಂಖ್ಯೆಯ ಬೀಗ, ಆ ಸಂಖ್ಯೆ ಬಿಲ್ಲಿನ ಮೇಲೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಿಕೆಯ ಜಾಗ ಸಾರ್ವಜನಿಕ ಗ್ರಂಥಾಲಯ. ಊರೂರಿಗೂ ಇದೆ, ಒಳಹೋಗಲು ಸದಸ್ಯತ್ವ ಬೇಡ, ಶೌಚಾಲಯ, ಕುಡಿಯುವ ನೀರು, ವೈಫೈ, ಕೂರಲು ಕುರ್ಚಿ, ಬೇಸಿಗೆಗೆ ತಂಪು, ಚಳಿಗೆ ಬಿಸಿ. ಕೌಂಟರಿನಲ್ಲಿ ಕೂತವರು ಬಸ್ಸಿನ ದಾರಿಯನ್ನೂ ಹೇಳುತ್ತಾರೆ. ದಿನದ ಸುತ್ತಾಟವನ್ನು ಒಂದು ಗ್ರಂಥಾಲಯದಿಂದ ಇನ್ನೊಂದು ಗ್ರಂಥಾಲಯಕ್ಕೆ ಎಂದು ಹೆಣೆದುಕೊಂಡರೂ ನಷ್ಟವಿಲ್ಲ. ವಾಷಿಂಗ್ಟನ್ನಿನಲ್ಲಾದರೆ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳು ಸಾಲಾಗಿ ನಿಂತಿವೆ, ಅಲ್ಲಿ ಪ್ರವೇಶವೇ ಉಚಿತ. ಕಟ್ಟಡಗಳೊಳಗೆ ಒಂದು ಮಾತು ನೆನಪಿರಲಿ: ಅವರ ‘ಫಸ್ಟ್ ಫ್ಲೋರ್’ ನಮ್ಮ ನೆಲಮಹಡಿ. ಲಿಫ್ಟಿನಲ್ಲಿ ಯಾವ ಗುಂಡಿಯ ಪಕ್ಕ ನಕ್ಷತ್ರ ಇದೆಯೋ ಅದು ಬೀದಿಗೆ ಹೊರಬೀಳುವ ಮಹಡಿ.

ಕಾರು ಓಡಿಸಲೇಬೇಕೆನ್ನುವವರಿಗೆ ನಾಲ್ಕು ಮಾತು, ಬೇಗ ಬೇಗ. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿಯನ್ನು ಊರಿನ ಆರ್‌ಟಿಒದಿಂದ ಮಾಡಿಸಿಕೊಂಡು ಹೋಗಿ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ನಾಲ್ಕೂ ಕಡೆ ಸ್ಟಾಪ್ ಫಲಕ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೊರಡುತ್ತಾರೆ, ಹಾರ್ನ್ ಹೊಡೆದವರಲ್ಲ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು. ನಡುವೆ ವಿಭಜಕ ಇರುವ ರಸ್ತೆಗಳಲ್ಲಿ ಮಾತ್ರ ಎದುರಿನವರಿಗೆ ಸಾಮಾನ್ಯವಾಗಿ ವಿನಾಯಿತಿ. ಪೊಲೀಸ್ ದೀಪ ಬೆನ್ನ ಹಿಂದೆ ಬಂದರೆ ಬಲಬದಿಗೆ ನಿಲ್ಲಿಸಿ, ಕೈ ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟು ಒಳಗೇ ಕೂತಿರಿ. ಇಳಿದು ‘ಸಾರ್’ ಎಂದು ಹತ್ತಿರ ಹೋಗುವ ನಮ್ಮ ಮರ್ಯಾದೆ ಅಲ್ಲಿ ಬೆದರಿಕೆಯಾಗಿ ಕಾಣುತ್ತದೆ. ಪೆಟ್ರೋಲ್ ಪಂಪಿನ ಯಂತ್ರ ಐದಂಕಿಯ ಪಿನ್‌ಕೋಡ್ ಕೇಳಿ ನಮ್ಮ ಕಾರ್ಡನ್ನು ತಿರಸ್ಕರಿಸಿದರೆ ಒಳಗೆ ಹೋಗಿ ಮುಂಗಡ ಕೊಟ್ಟು ಹಾಕಿಸಿಕೊಳ್ಳಿ. ಹೆದ್ದಾರಿಯ ಬೆಸಸಂಖ್ಯೆ ಉತ್ತರ-ದಕ್ಷಿಣ, ಸಮಸಂಖ್ಯೆ ಪೂರ್ವ-ಪಶ್ಚಿಮ. ಮ್ಯಾನ್‌ಹ್ಯಾಟನ್ನಿನಲ್ಲಾಗಲಿ ಬಾಸ್ಟನ್ನಿನಲ್ಲಾಗಲಿ ಕಾರು ಬೇಡವೇ ಬೇಡ: ಪಾರ್ಕಿಂಗ್ ಶುಲ್ಕ ನೋಡಿದರೆ ಕಾರಿಗೇ ಒಂದು ರೂಮು ಹಿಡಿದಂತಾಗುತ್ತದೆ.

ಊರಿನಿಂದ ಊರಿಗೆ ಹೋಗುವಾಗ ಭಾರತದ ರೈಲಿನ ಕಲ್ಪನೆ ಬಿಟ್ಟುಬಿಡಿ. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ನಡುವಿನ ಆ್ಯಮ್‌ಟ್ರಾಕ್ ರೈಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೇರೆ ಕಡೆ ಹಳಿಗಳು ಹೆಚ್ಚಾಗಿ ಸರಕು ಸಾಗಿಸುವ ಕಂಪನಿಗಳವು, ಗೂಡ್ಸ್ ಗಾಡಿಗೆ ದಾರಿಬಿಟ್ಟು ಪ್ರಯಾಣಿಕರ ರೈಲು ಕಾಯುವುದು ಸಾಮಾನ್ಯ. ಷಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೋಗುವ ಕ್ಯಾಲಿಫೋರ್ನಿಯಾ ಜೆಫಿರ್‌ಗೆ ಎರಡು ದಿನ ಮೀರುತ್ತದೆ. ಪರ್ವತಗಳನ್ನು ನೋಡಲು ಹತ್ತಬೇಕಾದ ರೈಲು ಅದು, ತಲುಪಲು ಅಲ್ಲ. ನ್ಯೂಜೆರ್ಸಿಯ ಎಡಿಸನ್, ಮೆಟ್ರೊಪಾರ್ಕ್ ಸುತ್ತ ಮಕ್ಕಳಿರುವವರ ಪುಣ್ಯ ದೊಡ್ಡದು. ಅಲ್ಲಿಂದ ನ್ಯೂಯಾರ್ಕಿಗೆ ಲೋಕಲ್ ರೈಲು ನೇರ. ಟಿಕೆಟನ್ನು ಯಂತ್ರದಲ್ಲೋ ಆ್ಯಪ್‌ನಲ್ಲೋ ಮೊದಲೇ ತೆಗೆದುಕೊಳ್ಳಿ, ಒಳಗೆ ಕೊಂಡರೆ ದಂಡದಂತೆ ಹೆಚ್ಚಿಗೆ ಹಣ. ವಾಪಸ್ ಬರುವಾಗ ಪೆನ್ ಸ್ಟೇಷನ್ನಿನಲ್ಲಿ ಯಾವ ಪ್ಲಾಟ್‌ಫಾರಂ ಎಂದು ಕೊನೆಯ ಕೆಲವು ನಿಮಿಷಗಳವರೆಗೂ ಹೇಳುವುದಿಲ್ಲ. ಜನವೆಲ್ಲ ಫಲಕ ನೋಡುತ್ತ ನಿಂತಿದ್ದು, ನಂಬರ್ ಮೂಡಿದ್ದೇ ತಡ, ಒಂದೇ ಮೆಟ್ಟಿಲಿಗೆ ನುಗ್ಗುತ್ತಾರೆ. ಅವರ ಜೊತೆ ಓಡಬೇಡಿ, ಗೋಡೆಯ ಪಕ್ಕ ನಿಂತು ಮೊದಲ ಅಲೆ ಹೋಗಲು ಬಿಡಿ.

ಹಾಗೆ ನ್ಯೂಯಾರ್ಕಿಗೆ ಹೋದ ದಿನ ಕಾಲು ಸೋತಿದ್ದರೆ ಒಂದನೇ ನಂಬರಿನ ರೈಲು ಹಿಡಿದು ದಕ್ಷಿಣದ ಕೊನೆಯ ನಿಲ್ದಾಣದಲ್ಲಿ ಇಳಿಯಿರಿ. ಎದುರಿಗೇ ಸ್ಟೇಟನ್ ಐಲೆಂಡಿನ ದೋಣಿ. ಕಿತ್ತಳೆ ಬಣ್ಣದ, ಮೂರು ಅಂತಸ್ತಿನ ಹಡಗೇ ಅನ್ನಿ. ಆಫೀಸಿಗೆ ಹೋಗಿ ಬರುವವರಿಗಾಗಿ ನಗರಾಡಳಿತ ನಡೆಸುವುದು, ಯಾರಿಗೂ ಟಿಕೆಟ್ ಇಲ್ಲ. 25 ನಿಮಿಷದ ದಾರಿ. ಹೋಗುವಾಗ ಬಲಗಡೆ ನಿಂತರೆ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಕಾಣುತ್ತದೆ. ಬೀದಿಯಲ್ಲಿ ಯಾರಾದರೂ ಜಾಕೆಟ್ ಹಾಕಿಕೊಂಡು ಬಂದು ಈ ದೋಣಿಗೆ ಟಿಕೆಟ್ ಮಾರಲು ನೋಡಿದರೆ ತಲೆಯಾಡಿಸಿ ಮುಂದೆ ನಡೆಯಿರಿ. ಆಚೆ ದಡದಲ್ಲಿ ಅದೇ ಸೀಟಿನಲ್ಲಿ ಕೂತು ಹಿಂದಿರುಗೋಣ ಅಂದರೆ ಸಿಬ್ಬಂದಿ ಬಿಡುವುದಿಲ್ಲ. ಎಲ್ಲರೂ ಇಳಿದು, ಕಟ್ಟಡವನ್ನು ಸುತ್ತಿ ಬಂದು, ಮತ್ತೆ ಸರದಿಯಲ್ಲಿ ನಿಂತು ಹತ್ತಬೇಕು. ಶೌಚಾಲಯ ಎರಡೂ ದಡದಲ್ಲಿದೆ, ದೋಣಿಯಲ್ಲೂ ಇದೆ.